ಕನಸಿನಲ್ಲಿ ಕೆಟ್ಟ ಪಥ್ಯ

ಮಧ್ಯಾಹ್ನದ ನಿದ್ದೆಯಿಂದ ಎದ್ದಕೂಡಲೇ ಪುಟ್ಟಮಾದಮ್ಮ ಹಿತ್ತಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಎಲೆ ಅಡಿಕೆಯ ಅಭ್ಯಾಸ ಅವಳಿಗಿರಲಿಲ್ಲ. ಅವಳು ಉಗಿಯುತ್ತಿದ್ದದ್ದು ಕನಸಿನಲ್ಲಿ ತಿಂದ ಬದನೆಕಾಯಿಯನ್ನು. ಒಂದೊಂದು ದಿನ ಅದು ಮೀನಾಗಿರುತ್ತಿತ್ತು, ಒಂದೊಂದು ದಿನ ಹುರುಳಿಕಾಳಿನ ಉಪ್ಸಾರು. ಬಾಯಲ್ಲಿ ಏನೂ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಆದರೂ ಉಗಿದರೆ ಏನೋ ಒಂದು ಸಮಾಧಾನ.

ನಗುವವರು ನಗಲಿ. ಐವತ್ತೆಂಟು ವರ್ಷದ, ಯಾರಿಗೂ ಸೊಪ್ಪು ಹಾಕದ ಹೆಂಗಸು ಕನಸಿಗೆ ಹೆದರಿ ಬದುಕುತ್ತಿದ್ದಳೆಂದರೆ ಅದಕ್ಕೆ ತಕ್ಕ ಕಾರಣವಿತ್ತು. ಅವಳ ಎಡಗಾಲಿನ ಹರಡಿನ ಮೇಲೆ, ಒಳಮಗ್ಗುಲಲ್ಲಿ, ಹತ್ತು ರೂಪಾಯಿ ನಾಣ್ಯದಷ್ಟು ಒಂದು ಗಾಯವಿತ್ತು. ಮೂರು ವರ್ಷದಿಂದ ಅದು ಮಾಯುತ್ತಿರಲಿಲ್ಲ. ಗಾಯದ ಸುತ್ತ ಚರ್ಮ ಹುಣಸೆ ಬೀಜದ ಬಣ್ಣಕ್ಕೆ ತಿರುಗಿ, ಒಣಗಿ, ಹೊಟ್ಟು ಉದುರುತ್ತಿತ್ತು. ಸಂಜೆಯಾದರೆ ತುರಿಕೆ. ಮೀನಖಂಡದ ಮೇಲೆ ನರಗಳು ನೀಲಿಯಾಗಿ ಗಂಟುಗಂಟಾಗಿ ಎದ್ದಿದ್ದವು. ಇದಕ್ಕೆಲ್ಲ ನಮ್ಮ ಕಡೆ ಒಂದೇ ಹೆಸರು, ನಂಜು.

ನಂಜನಗೂಡು ತಾಲ್ಲೂಕಿನಲ್ಲಿ ಈ ಮಾತನ್ನು ಹಗುರವಾಗಿ ಆಡುವಂತಿಲ್ಲ. ನಂಜುಂಡವನ ಊರು ಇದು. ಹುಟ್ಟಿದ ಮಗುವಿಗೆ ನಂಜಮ್ಮ, ನಂಜಯ್ಯ ಎಂದು ಹೆಸರಿಡುತ್ತೇವೆ. ಊದಿದ್ದಕ್ಕೆ, ಕೀತದ್ದಕ್ಕೆ, ನವೆಯಾದದ್ದಕ್ಕೆ ಅದೇ ಹೆಸರಿಟ್ಟು ಸುಮ್ಮನಾಗುತ್ತೇವೆ. ಹೆಸರಿಟ್ಟ ಮೇಲೆ ಪಥ್ಯ ಹೇಳುವವರೂ ಬೇಕು. ದೇವನೂರಿನಲ್ಲಿ ಆ ಕೆಲಸ ಪುಟ್ಟಮಾದಮ್ಮನದು, ಅವಳ ಅತ್ತೆಯಿಂದ ಬಂದದ್ದು. ಮಂಗಳವಾರ ಸಂಜೆ ಬನ್ನೂರಿನಿಂದಲೂ ಜನ ಬರುತ್ತಿದ್ದರು. ಎರಡು ಥರದ ಸೊಪ್ಪನ್ನು ಅರೆದು ಕಟ್ಟುತ್ತಿದ್ದಳು, ಕಾಸು ಮುಟ್ಟುತ್ತಿರಲಿಲ್ಲ. ಸೊಪ್ಪಿಗಿಂತ ಅವಳ ಬಾಯಿಯೇ ಜೋರು. ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು.

"ಬದ್ನೆಕಾಯಿ ಮುಟ್ಬ್ಯಾಡ. ಕುಂಬ್ಳಕಾಯಿ, ಅದ್ರ ಬೀಜ ಮುಟ್ಬ್ಯಾಡ. ಮೀನು, ಮೊಟ್ಟೆ, ಕೋಳಿ ಕಣ್ಣೆತ್ತಿ ನೋಡ್ಬ್ಯಾಡ. ಉಳ್ಳಿಕಾಳು, ಅವರೆಕಾಳು, ಎಳ್ಳು, ಕಳ್ಳೆಕಾಯಿ, ನುಗ್ಗೆಸೊಪ್ಪು ಒಂದೂ ಆಗಾಕಿಲ್ಲ. ಅನ್ನ, ಮಜ್ಜಿಗೆ, ತಿಳಿಸಾರು. ಅಷ್ಟೇಯ."

ಎಷ್ಟು ದಿನ ಎಂದು ಯಾರಾದರೂ ಕೇಳಿದರೆ, "ಮಾಯೋಗಂಟ" ಎನ್ನುತ್ತಿದ್ದಳು. ಮಾಯದಿದ್ದರೆ ತಪ್ಪು ಸೊಪ್ಪಿನದಲ್ಲ, ಅವಳದೂ ಅಲ್ಲ. ತಿಂದವರದು.

ಇದೇ ಮಾತನ್ನು ನಾಲ್ಕು ವರ್ಷದ ಕೆಳಗೆ ಅವಳು ತನ್ನ ತಂಗಿ ಇಂದ್ರಾಣಿಗೂ ಹೇಳಿದ್ದಳು. ಇಂದ್ರಾಣಿ ತಿ. ನರಸೀಪುರಕ್ಕೆ ಕೊಟ್ಟ ಹೆಣ್ಣು. ಗದ್ದೆ ನಾಟಿಗೆ ಹೋಗುವವಳು. ಅವಳ ಕಾಲಿನಲ್ಲೂ ಇಂಥದೇ ಗಾಯ ಎದ್ದಿತ್ತು. ಆರು ತಿಂಗಳು ಅಕ್ಕನೇ ಸೊಪ್ಪು ಕಟ್ಟಿದಳು. ಗಾಯ ಮಾಯುವ ಬದಲು ಅಗಲವಾಯಿತು. ಒಂದು ದಿನ ಇಂದ್ರಾಣಿಯ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲ ಇದ್ದಾಗಲೇ ಪುಟ್ಟಮಾದಮ್ಮ ಪಟ್ಟಿ ಬಿಚ್ಚಿ ನೋಡಿ, ಸಿಡಿದುಬಿದ್ದಳು.

"ನೀ ನಾಲ್ಗೆ ಕಟ್ಟಿಲ್ಲ ಕಣೆ. ಕದ್ದು ತಿಂತಾ ಇದೀಯ."

"ಇಲ್ಲ ಕಣಕ್ಕ, ನಾ ಏನೂ ತಿಂದಿಲ್ಲ."

"ಸುಳ್ಳು ಬೊಗಳ್ಬ್ಯಾಡ. ತಿನ್ನದಿದ್ರೆ ಮಾಯ್ದೆ ಎಲ್ಲೋದದು?"

ಅತ್ತೆ ಮನೆಯವರ ಎದುರಿಗೆ ಕಳ್ಳಿ ಅನ್ನಿಸಿಕೊಂಡವಳು ಮತ್ತೆ ಮಾತಾಡಲಿಲ್ಲ. ಅಕ್ಕನೂ ಆ ಹೊಸಿಲು ತುಳಿಯಲಿಲ್ಲ. ಮರುವರ್ಷ ಇಂದ್ರಾಣಿಯ ಮಗಳ ಮದುವೆ ಆಯಿತು. ಪತ್ರಿಕೆ ಬಂತು, ಕುಂಕುಮ ಹಚ್ಚಿದ್ದರು. ಪುಟ್ಟಮಾದಮ್ಮ ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಕೆಲಸಕ್ಕೆ ಹೋದಳು.

ಅದಾದ ನಾಲ್ಕೇ ತಿಂಗಳಿಗೆ ಅವಳ ಕಾಲಿನಲ್ಲಿ ಗಾಯ ಎದ್ದಿತು. ಅಕ್ಕತಂಗಿಯರಿಬ್ಬರಿಗೂ ಅವ್ವನ ಕಾಲೇ ಬಂದಿತ್ತು ಅನ್ನಿ. ಅವರ ಅವ್ವನಿಗೂ ಹರಡು ಕಂದಾಗಿತ್ತು, ನರ ಉಬ್ಬಿದ್ದವು. ಅವಳು ನಡುಹಗಲಲ್ಲಿ ರಾಗಿ ಮೂಟೆಯ ಮೇಲೆ ಕಾಲೆತ್ತಿಟ್ಟು ಮಲಗುತ್ತಿದ್ದಳು, ಮಕ್ಕಳು ಅದನ್ನು ಸೋಮಾರಿತನ ಅಂದುಕೊಂಡಿದ್ದರು.

ಪುಟ್ಟಮಾದಮ್ಮ ಗಾಯವನ್ನು ಯಾರಿಗೂ ತೋರಿಸಲಿಲ್ಲ. ಪಥ್ಯ ಹೇಳುವವಳಿಗೇ ನಂಜು ಎಂದರೆ ಮರ್ಯಾದೆಯ ಪ್ರಶ್ನೆ. ಸೀರೆ ತಗ್ಗಿಸಿ ಉಟ್ಟಳು. ತನ್ನ ಸೊಪ್ಪನ್ನೇ ಕಟ್ಟಿಕೊಂಡಳು, ತನ್ನ ಪಥ್ಯವನ್ನೇ ಹಿಡಿದಳು. ಅದೆಂಥ ಪಥ್ಯ! ನಂಜನಗೂಡಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ದಿನಾ ಮೊದಲ ಬಸ್ಸಿಗೆ ಹೋಗಿ, ಎಂಟು ಗಂಟೆ ಕಾಲ ಒಲೆಯ ಮುಂದೆ ನಿಂತು, ನೂರಿಪ್ಪತ್ತು ಹುಡುಗಿಯರಿಗೆ ಬೇಯಿಸಿ ಹಾಕಬೇಕು. ಮೊಟ್ಟೆ ಸುಲಿದಳು, ಕಾಳು ಒಗ್ಗರಿಸಿದಳು, ಬದನೆಕಾಯಿ ಸೀಳಿ ಮಸಾಲೆ ತುಂಬಿದಳು. ಒಂದು ಹನಿ ನಾಲಿಗೆಗೆ ಬಿಟ್ಟುಕೊಳ್ಳಲಿಲ್ಲ. ಸಾರಿನ ಉಪ್ಪು ನೋಡುವುದಕ್ಕೆ ವಾಚ್‌ಮನ್ ಬೋರಯ್ಯನನ್ನು ಕರೆಯುತ್ತಿದ್ದಳು. ಅವಳಿಗಿಂತ ಎರಡು ವರ್ಷ ದೊಡ್ಡವನು, ಬಾಯಿಚಪಲದ ಮುದುಕ. ಮೂರು ಸೌಟು ಕುಡಿದ ಮೇಲೆಯೇ "ಸರ್ಯಾಗದ" ಎನ್ನುತ್ತಿದ್ದ.

ಇಷ್ಟಾದರೂ ಗಾಯ ಮಾಯಲಿಲ್ಲ. ಈಗ ಪುಟ್ಟಮಾದಮ್ಮನ ಮುಂದೆ ಎರಡು ದಾರಿಯಿದ್ದವು. ಪಥ್ಯ ಹಿಡಿದರೂ ಮಾಯದ ಗಾಯವುಂಟು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಇಂದ್ರಾಣಿ ಸುಳ್ಳು ಹೇಳಿರಲಿಲ್ಲ ಎಂದಾಗುತ್ತದೆ. ಒಡಹುಟ್ಟಿದವಳನ್ನು ಹತ್ತು ಜನರೆದುರು ಕಳ್ಳಿ ಮಾಡಿ, ಅವಳ ಮಗಳ ಮದುವೆಗೂ ಹೋಗದ ಪಾಪ ತನ್ನ ತಲೆಗೇ ಬರುತ್ತದೆ. ಅದು ಬೇಡವೆಂದರೆ ಇನ್ನೊಂದು ದಾರಿ, ತಾನೂ ಎಲ್ಲೋ ತಿನ್ನುತ್ತಿದ್ದೇನೆ. ಎಲ್ಲಿ ಎಂದು ಹುಡುಕಿದಳು. ಹುಡುಕುವವರಿಗೆ ಸಿಕ್ಕೇ ಸಿಗುತ್ತದಲ್ಲ, ಸಿಕ್ಕಿತು. ಕನಸಿನಲ್ಲಿ.

ಹೌದು, ಕನಸಿನಲ್ಲಿ ಅವಳು ತಿನ್ನುತ್ತಿದ್ದಳು. ಮೂರು ಗಂಟೆಗೆ ಮನೆಗೆ ಬಂದು ಜಗಲಿಯ ಮೇಲೆ ಒರಗಿದರೆ ಸಾಕು, ಕಣ್ಣು ಮುಚ್ಚುವ ಮೊದಲೇ ಒಗ್ಗರಣೆಯ ವಾಸನೆ ಬರುತ್ತಿತ್ತು. ಅದು ಹೊಳೆದಂಡೆಯ ತವರಿನ ಅಡುಗೆಮನೆ. ಬೆಳಕು ಎಲ್ಲಿಂದ ಬರುತ್ತಿದೆಯೋ ತಿಳಿಯದು, ಗೋಡೆಯೆಲ್ಲ ಅರಿಸಿನದ ನೀರಿನಲ್ಲಿ ಅದ್ದಿದಂತೆ ಮೆತ್ತಗಿರುತ್ತಿತ್ತು. ಹೊಸಿಲಿನವರೆಗೂ ಕಪಿಲೆಯ ನೀರು ಬಂದು ನಿಂತಿರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಒಲೆಯ ಮುಂದೆ ಹತ್ತು ವರ್ಷದ ಇಂದ್ರಾಣಿ ಕೂತಿರುತ್ತಿದ್ದಳು, ಎರಡು ಜಡೆ, ಹರಿದ ಲಂಗ. "ಉಣ್ಣಕ್ಕ" ಎಂದು ಎಣ್ಣೆಗಾಯಿ ಬಡಿಸುತ್ತಿದ್ದಳು. ಪುಟ್ಟಮಾದಮ್ಮ ಉಣ್ಣುತ್ತಿದ್ದಳು. ಆ ರುಚಿ! ಹುಚ್ಚೆಳ್ಳಿನ ಒಗರು, ಬದನೆಯ ತಿರುಳು, ಹುಣಸೆ, ಒಂದೊಂದೂ ಬೇರೆಬೇರೆಯಾಗಿ ನಾಲಿಗೆಯ ಮೇಲೆ ಕೂರುತ್ತಿತ್ತು. ಎಚ್ಚರವಾದರೆ ಬಾಯಿ ಬಟ್ಟೆ ಅಗಿದಂತೆ ಸಪ್ಪೆ. ಎರಡು ವರ್ಷದಿಂದ ಅವಳಿಗೆ ಅನ್ನಕ್ಕೂ ಮಜ್ಜಿಗೆಗೂ ರುಚಿಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ರುಚಿಯೆಂಬುದು ಕನಸಿನ ಆ ಕಡೆ ಮಾತ್ರ ಉಳಿದಿತ್ತು.

ತಿಂದದ್ದು ತಿಂದದ್ದೇ, ಎಲ್ಲಿ ತಿಂದರೇನು ಎಂದು ಅವಳು ತೀರ್ಮಾನಿಸಿದಳು. ಒಂದಷ್ಟು ದಿನ ಸೆರಗಿನಿಂದ ಬಾಯಿ ಬಿಗಿದುಕೊಂಡು ಮಲಗಿದಳು, ಕಣದಲ್ಲಿ ಎತ್ತಿಗೆ ಕುಕ್ಕೆ ಹಾಕಿದ ಹಾಗೆ. ಕನಸಿನಲ್ಲಿ ಇಂದ್ರಾಣಿ ನಗುತ್ತ ಬಂದು ಗಂಟು ಬಿಚ್ಚಿದಳು. ಬಿಚ್ಚುವಾಗ ಅವಳ ಬೆರಳು ಎಷ್ಟು ತಣ್ಣಗಿತ್ತೆಂದರೆ, ಎಚ್ಚರವಾದ ಮೇಲೂ ಪುಟ್ಟಮಾದಮ್ಮ ಕತ್ತಿನ ಹಿಂಭಾಗ ಮುಟ್ಟಿಕೊಂಡಳು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಹಾಸ್ಟೆಲಿನ ಅಡುಗೆಯವರಿಗೆಲ್ಲ ಆರೋಗ್ಯ ತಪಾಸಣೆ ಕಡ್ಡಾಯ ಎಂದು ವಾರ್ಡನ್ ಹೇಳಿದ್ದರಿಂದ ಅವಳು ಊರಿನ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗಬೇಕಾಯಿತು. ಡಾಕ್ಟರ್ ಶಿವರಂಜನಿ ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಸೀರೆ ಎತ್ತಮ್ಮ ಎಂದಳು. ಎತ್ತಿದರೆ ಸೊಪ್ಪಿನ ಹಸಿರು, ಅದರ ಕೆಳಗೆ ಗಾಯ. ಬೈಯುತ್ತಾಳೆ ಅಂದುಕೊಂಡಿದ್ದಳು ಪುಟ್ಟಮಾದಮ್ಮ. ಡಾಕ್ಟರು ಬೈಯಲಿಲ್ಲ, ಸ್ಟೂಲು ಎಳೆದುಕೊಂಡು ಕೂತು, ಪಾದದ ನಾಡಿ ಹಿಡಿದು ನೋಡಿ, ಉಪ್ಪುನೀರಿನಲ್ಲಿ ಗಾಯ ತೊಳೆದಳು.

"ಇದು ನಂಜಲ್ಲಮ್ಮ. ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು. ನರದೊಳಗೆ ಸಣ್ಣ ಸಣ್ಣ ಬಾಗಿಲು ಇರುತ್ವೆ, ಹತ್ತಿದ ರಕ್ತ ಕೆಳಗೆ ಇಳಿಯದ ಹಾಗೆ ತಡೆಯೋಕೆ. ನಿಮ್ಮ ಬಾಗಿಲು ಸಡಿಲ ಆಗಿದೆ. ರಕ್ತ ಹರಡಿನ ಹತ್ರ ನಿಂತು, ಚೂರು ಚೂರೇ ಚರ್ಮದೊಳಕ್ಕೆ ಜಿನುಗಿದೆ. ಈ ಕಂದು ಬಣ್ಣ ರಕ್ತದಲ್ಲಿರೋ ಕಬ್ಬಿಣದ ಕಲೆ."

"ಕಬ್ಣದ ಕಲೆಯ?"

"ಹೂಂ. ಬಟ್ಟೆಗೆ ತುಕ್ಕು ಹತ್ತಲ್ವಾ, ಹಾಗೆ. ಊಟ ಏನು ಮಾಡ್ತೀರಿ?"

ಪುಟ್ಟಮಾದಮ್ಮ ತಾನು ಏನು ಮಾಡುವುದಿಲ್ಲ ಎಂಬುದನ್ನು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ಬಾಯಿಗೆ ರುಚಿ ಗೊತ್ತಾಗುತ್ತಾ?" ಎಂದು ಕೇಳಿದಳು. ಈ ಸಂಗತಿಯನ್ನು ಅವಳು ಬೋರಯ್ಯನಿಗೂ ಹೇಳಿರಲಿಲ್ಲ. ಇಷ್ಟು ತಿಳಿದವಳಿಗೆ ಅದೂ ತಿಳಿದಿರುತ್ತದೆ ಎಂದು ಧೈರ್ಯ ಮಾಡಿ, ದನಿ ತಗ್ಗಿಸಿ ಕೇಳಿದಳು.

"ಕನಸಲ್ಲಿ ತಿಂದ್ರೆ ಪಥ್ಯ ಕೆಡ್ತದ, ಡಾಕ್ಟ್ರವ್ವ?"

ಶಿವರಂಜನಿ ನಗಲಿಲ್ಲ. "ಕನಸಲ್ಲಿ ತಿಂದ್ರೆ ಹೊಟ್ಟೆ ತುಂಬಲ್ಲ ಕಣಮ್ಮ. ಅದೊಂದೇ ತೊಂದ್ರೆ" ಎಂದಳು.

ರಕ್ತ ತೆಗೆದುಕೊಂಡರು. ಒಂದು ವಾರದ ಮೇಲೆ ಫಲಿತಾಂಶ ಬಂತು. ರಕ್ತದಲ್ಲಿ ಕಬ್ಬಿಣ ಕಡಿಮೆ, ಸತು ಇನ್ನೂ ಕಡಿಮೆ. ಕಾಲಿನ ಚರ್ಮದಲ್ಲಿ ಕಲೆಯಾಗಿ ಕೂತ ಕಬ್ಬಿಣ ಮೈಗೆ ಬೇಕಾದಲ್ಲಿ ಇರಲಿಲ್ಲ. ಸತು ಅಂದರೆ ತಗಡಿನ ಶೀಟಿಗೆ ಬಳಿಯುತ್ತಾರಲ್ಲ ಅದಾ ಎಂದು ಪುಟ್ಟಮಾದಮ್ಮ ಕೇಳಿದಳು. ಅದೇ, ಚಿಟಿಕೆಯಲ್ಲಿ ಚಿಟಿಕೆಯಷ್ಟು ಮೈಗೂ ಬೇಕು, ಹೊಸ ಚರ್ಮ ಕಟ್ಟುವುದಕ್ಕೂ ನಾಲಿಗೆಗೆ ರುಚಿ ಹತ್ತುವುದಕ್ಕೂ ಬೇಕು ಎಂದಳು ಡಾಕ್ಟರು. ಮುಖ್ಯವಾದದ್ದು ಬಿಗಿಪಟ್ಟಿ, ಹೊತ್ತುಹೊತ್ತಿಗೆ ಕಾಲೆತ್ತಿ ಮಲಗುವುದು. ಊಟವೊಂದರಿಂದಲೇ ಗಾಯ ಮಾಯುತ್ತದೆಂದು ತಾನು ಹೇಳುತ್ತಿಲ್ಲ. ಆದರೆ ಮಣ್ಣು ಕೊಡದೆ ಗೋಡೆ ಕಟ್ಟು ಅಂದರೆ ಯಾರಿಂದ ಆಗುತ್ತದೆ? ಹೀಗೆಂದು ಮಾತ್ರೆ ಬರೆದು, ಚೀಟಿಯ ಹಿಂದೆ ತಿನ್ನಬೇಕಾದ್ದನ್ನೂ ಬರೆದುಕೊಟ್ಟಳು.

ಪುಟ್ಟಮಾದಮ್ಮನಿಗೆ ಓದು ಬರುವುದಿಲ್ಲ. ಹಾಸ್ಟೆಲಿನ ಗೇಟಿನಲ್ಲಿ ಬೋರಯ್ಯ ಕನ್ನಡಕ ಏರಿಸಿಕೊಂಡು ಓದಿದ. "ಮೊಟ್ಟೆ. ಮೀನು. ಕೋಳಿ. ಉರುಳಿಕಾಳು. ಅವರೆಕಾಳು. ಎಳ್ಳು. ಕಡ್ಲೆಕಾಯಿ. ಕುಂಬಳಬೀಜ. ನುಗ್ಗೆಸೊಪ್ಪು." ಅಲ್ಲಿಗೆ ನಿಲ್ಲಿಸಿ, ಚೀಟಿಯ ಎರಡೂ ಮಗ್ಗುಲು ತಿರುಗಿಸಿ ನೋಡಿದ. "ಇದು ನಿನ್ನ ಪಟ್ಟೀನೇ ಅಲ್ವಾ ಪುಟ್ಟಮಾದಮ್ಮ? ನೀನೇ ಯೋಳಿ ಬರ್ಸಿದಾ?"

"ಬದ್ನೆಕಾಯಿ ಅದ?"

"ಇಲ್ಲ. ಅದೊಂದಿಲ್ಲ."

ಅವಳು ಚೀಟಿಯನ್ನು ಕಿತ್ತುಕೊಂಡು ಒಳಗೆ ಹೋದಳು. ಅಂದು ಮಕ್ಕಳಿಗೆ ಮೊಟ್ಟೆಯ ದಿನ. ಸುಲಿದ ಮೊಟ್ಟೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಳು. ಬಿಸಿಯಾಗಿತ್ತು, ನುಣ್ಣಗಿತ್ತು. ತಿನ್ನುವುದಕ್ಕೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಬಾಯಿಯವರೆಗೂ ಹೋದ ಕೈ ಹಿಂದಕ್ಕೆ ಬಂತು. ಕನಸಿನಲ್ಲಿ ತಿಂದದ್ದು ಲೆಕ್ಕಕ್ಕಿಲ್ಲವಾದರೆ ಅವಳು ಮೂರು ವರ್ಷ ಪಥ್ಯ ಕೆಡಿಸಿಯೇ ಇರಲಿಲ್ಲ. ಅವಳು ಕೆಡಿಸದೆಯೂ ಗಾಯ ಮಾಯಲಿಲ್ಲವೆಂದರೆ, ಇಂದ್ರಾಣಿಯ ಗಾಯವೂ ಪಥ್ಯ ಕೆಡದೆಯೇ ಮಾಯದೆ ಹೋಗಿತ್ತು. ಇಷ್ಟು ದಿನ ಅವಳು ಅವಿತುಕೊಂಡಿದ್ದ ಕನಸು ತಲೆಯ ಮೇಲಿಂದ ಹಾರಿಹೋಯಿತು, ಬಟಾಬಯಲಿನಲ್ಲಿ ನಿಂತಳು. ನಾಚಿಕೆಯಾಯಿತು. ಆ ಮೊಟ್ಟೆಯನ್ನು ಪಾತ್ರೆಗೆ ಹಾಕಿ, ಮೂಲೆಯಲ್ಲಿ ಕೂತು ಅತ್ತಳು. ಈರುಳ್ಳಿ ಹೆಚ್ಚುತ್ತಿದ್ದಾಳೆಂದು ಬೋರಯ್ಯ ತಿಳಿದುಕೊಂಡ.

ಆ ಮಂಗಳವಾರ ಬನ್ನೂರಿನ ಗಂಡಸೊಬ್ಬ ಕಾಲು ಊದಿಸಿಕೊಂಡು ಬಂದ. "ನಾ ಇನ್ಮೇಲೆ ಯೋಳಾಕಿಲ್ಲ ಕಣಪ್ಪ, ಡಾಕ್ಟ್ರತ್ರ ಓಗು. ಒಟ್ಟೆಗೆ ವಸಿ ತಿಂದ್ಕಂಡು ಓಗು" ಎಂದು ಕಳಿಸಿದಳು. ಅವನು ಗಾಬರಿಯಾದ. ತನ್ನ ಕಾಯಿಲೆ ಕೈಮೀರಿದೆ ಅಂದುಕೊಂಡಿರಬೇಕು.

ಭಾನುವಾರ ಅವಳು ತಿ. ನರಸೀಪುರದ ಬಸ್ಸು ಹತ್ತಿದಳು. ಕಾಲಿಗೆ ಕ್ಲಿನಿಕ್ಕಿನ ಬಿಗಿಪಟ್ಟಿ, ಮಡಿಲಲ್ಲಿ ನಸುಕಿಗೇ ಎದ್ದು ಬೇಯಿಸಿ ತುಂಬಿದ, ಇನ್ನೂ ಬಿಸಿಯಿದ್ದ ಸ್ಟೀಲ್ ಡಬ್ಬಿ. ಕಂಡಕ್ಟರಿಗೆ ಆಧಾರ್ ತೋರಿಸಿ ಕಿಟಕಿಗೆ ಒರಗಿದಳು. ನಾಲೆಯ ನೀರು ಬಸ್ಸಿನ ಜೊತೆಗೇ ಓಡುತ್ತಿತ್ತು, ಗದ್ದೆಯಲ್ಲಿ ನಾಟಿಯ ಹೆಂಗಸರು ಬಗ್ಗಿ ನಿಂತಿದ್ದರು, ಅವರ ಕಾಲು ಮೊಳಕಾಲಿನವರೆಗೆ ಆಕಾಶದೊಳಗೆ ಮುಳುಗಿದ್ದವು. ಅವಳಿಗೆ ಜೋಂಪು ಹತ್ತಿತು. ಕನಸಿನಲ್ಲಿ ಈ ಸಲ ಊಟವಿರಲಿಲ್ಲ. ಅವ್ವ ಒಬ್ಬಳೇ ಮೂಟೆಯ ಮೇಲೆ ಕಾಲಿಟ್ಟು ಮಲಗಿದ್ದಳು. ಪುಟ್ಟಮಾದಮ್ಮ ಹತ್ತಿರ ಹೋದರೆ, ಕಣ್ಣು ಬಿಡದೆಯೇ, "ಅವಳನ್ನ ಎಲ್ಬುಟ್ಟೆ?" ಎಂದಳು. ಬಸ್ಸು ಗಕ್ಕನೆ ನಿಂತಿತು. ನರಸೀಪುರ ಬಂದಿತ್ತು.

ನಾಲ್ಕು ವರ್ಷವಾದರೂ ದಾರಿ ಕಾಲಿಗೆ ನೆನಪಿತ್ತು. ಇಂದ್ರಾಣಿ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ತಲೆಯೆತ್ತಿ ನೋಡಿ ಎದ್ದು ನಿಂತಳು. ಗಲ್ಲದ ಮೂಳೆ ಎದ್ದಿತ್ತು, ಮುಂದಲೆಯ ಕೂದಲು ಉದುರಿ ನೆತ್ತಿ ಕಾಣುತ್ತಿತ್ತು, ಎರಡೂ ಹರಡು ಕಪ್ಪಿಟ್ಟಿದ್ದವು.

"ನಾ ಏನೂ ತಿಂದಿಲ್ಲ ಕಣಕ್ಕ. ಇವತ್ಗೂವೆ ತಿಂದಿಲ್ಲ" ಎಂದಳು.

ಪುಟ್ಟಮಾದಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲವಾಡ ಹಿಡಿದುಕೊಂಡಳು. ನಾಲ್ಕು ವರ್ಷ. ಅಕ್ಕ ಎಂದಾದರೂ ಬಂದಾಳು, ಬಂದ ದಿನ ನೋಡು ಎಂದು ತೋರಿಸಬೇಕು ಎಂಬ ಒಂದೇ ಹಟಕ್ಕೆ ಈ ಹೆಂಗಸು ಬಾಯಿ ಕಟ್ಟಿಕೊಂಡು ಕೂತಿದ್ದಳು.

"ಮಗ್ಳ ಮದ್ವೇಲೂ ನಾ ಬರೀ ಅನ್ನ ಮಜ್ಗೆ ಉಂಡೆ" ಎಂದಳು ಇಂದ್ರಾಣಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಬೀಗಿತ್ತೀರೆಲ್ಲ ಕೇಳುದ್ರು, ಯಾಕವ್ವ ಅಂತ. ನಮ್ಮಕ್ಕ ಬತ್ತಾಳೆ, ಅವ್ಳೆದ್ರುಗೆ ಉಣ್ಬೇಕು ಅಂದೆ. ಧಾರೆ ಮುಗ್ಯೋಗಂಟ ಬಾಗ್ಲೇ ನೋಡ್ತಿದ್ದೆ. ನೀ ಬರ್ನೇ ಇಲ್ಲ."

ಪುಟ್ಟಮಾದಮ್ಮ ಡಬ್ಬಿಯನ್ನು ಹೊಸಿಲಿನ ಮೇಲಿಟ್ಟು ಕೂತಳು. ಕೂತವಳು ತಂಗಿಯ ಎರಡೂ ಕಾಲನ್ನು ಹಿಡಿದುಕೊಂಡಳು. ಇಂದ್ರಾಣಿ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

"ಬುಡಕ್ಕ. ಗಾಯ ನೋಡ್ಬ್ಯಾಡ. ನೀ ಕಟ್ಟಿದ್ ಸೊಪ್ಪೇ ಸಾಕು."

"ಗಾಯ ನೋಡಾಕಲ್ಲ ಕಣೆ ಇಡ್ಕಂಡಿರಾದು."

ಹಿರಿಯಳು ಕಿರಿಯಳ ಕಾಲು ಮುಟ್ಟುವುದನ್ನು ಆ ಬೀದಿ ಕಂಡಿರಲಿಲ್ಲ. ಎದುರುಮನೆಯವಳು ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ನೋಡಲಿ ಎಂದೇ ಪುಟ್ಟಮಾದಮ್ಮ ಗಟ್ಟಿಯಾಗಿ ಹೇಳಿದಳು, ಅಂದು ಹೇಳಿದ್ದಷ್ಟೇ ಗಟ್ಟಿಯಾಗಿ.

"ನೀ ಕದ್ದು ತಿಂದಿರ್ನಿಲ್ಲ. ನೀ ಸುಳ್ಳು ಯೋಳಿರ್ನಿಲ್ಲ. ನಿನ್ ಬಾಯಿಂದ ತುತ್ತು ಕಿತ್ಕಂಡಿದ್ದು ನಾನು. ತಪ್ಪು ನಂದು ಕಣೆ ಇಂದ್ರಾ."

ಇಂದ್ರಾಣಿ ಕಾಲನ್ನು ಎಳೆದುಕೊಳ್ಳುವುದನ್ನು ನಿಲ್ಲಿಸಿದಳು. ಸೋಸಿದ ಸೊಪ್ಪಿನ ಮೇಲೆ ಬಿಸಿಲು ಬಂತು, ಒಂದು ಬಸ್ಸು ಹಾರ್ನ್ ಮಾಡುತ್ತ ಹೋಯಿತು, ಎದುರುಮನೆಯವಳು ಪೊರಕೆ ಒಳಗಿಟ್ಟು ಬಂದು ಮತ್ತೆ ನಿಂತಳು. ಅಕ್ಕನ ಹಣೆ ತಂಗಿಯ ಮೊಣಕಾಲಿಗೆ ಒರಗಿಯೇ ಇತ್ತು.

ಬಹಳ ಹೊತ್ತಾದ ಮೇಲೆ ಇಂದ್ರಾಣಿ ಕೇಳಿದಳು.

"ಆ ಡಬ್ಬೀಲಿ ಏನದ?"